ಕಾಗುಣಿತಕ್ಕೆ ಯಾವ ಭಾಷೆ? ಒಂದು ಹಳೆಯ ಬಿಬಿಸಿ ಮೈಕ್ರೋ ಪ್ರಕರಣ

ಹಳೆಯ ಹೋಮ್ ಕಂಪ್ಯೂಟರ್ ಕೈಗೆ ಸಿಕ್ಕವರು ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಇದಕ್ಕೆ ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲಿ? ಬೇಸಿಕ್ ಅಂದರೆ ನಿಧಾನ, ಪ್ರೊಸೆಸರಿನ ಆದೇಶಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿ ಅಂದರೆ ಕಷ್ಟ, ಸಿ ಅಂದರೆ ಆ ಯಂತ್ರಕ್ಕೆ ಭಾರ. ಈ ಮೂರು ಮಾತು ಎಲ್ಲರಿಗೂ ಗೊತ್ತು. ಆದರೆ ಒಂದು ನಿಜವಾದ ಕೆಲಸ ಎದುರಿಗಿಟ್ಟುಕೊಂಡು ಆರಿಸಲು ಕೂತರೆ ಈ ಮಾತುಗಳು ಅಷ್ಟಾಗಿ ಕೈ ಹಿಡಿಯುವುದಿಲ್ಲ. ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಒಬ್ಬ ನಿವೃತ್ತ ಗಣಿತ ಮೇಷ್ಟ್ರು, ಎಂಜಿನಿಯರಿಂಗ್ ಓದುತ್ತಿರುವ ಅವರ ತಮ್ಮನ ಮಗಳು, ಮತ್ತು ಒಂದು ಬಿಬಿಸಿ ಮೈಕ್ರೋ. ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಶಾಲೆ ಬೇಕಂತಲೇ ಬಿಟ್ಟಿದ್ದೇನೆ.

ಯಂತ್ರ ಬಂದ ದಾರಿ

1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 'ಕ್ಲಾಸ್' ಎಂಬ ಯೋಜನೆ ಶುರು ಮಾಡಿತು. ಮೊದಲ ಹಂತದಲ್ಲಿ ದೇಶದ 250 ಶಾಲೆಗಳು ಅದರಲ್ಲಿದ್ದವು. ಆ ಶಾಲೆಗಳಿಗೆ ಬಂದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಅಲ್ಲಿ ಬಿಬಿಸಿಯವರು ಜನರಿಗೆ ಕಂಪ್ಯೂಟರ್ ಕಲಿಸುವ ತಮ್ಮ ಯೋಜನೆಗಾಗಿ ಆರಿಸಿಕೊಂಡ ಯಂತ್ರ ಅದು, 1981ರ ಕೊನೆಯಲ್ಲಿ ಹೊರಬಂದದ್ದು. ನಮ್ಮ ಮೇಷ್ಟ್ರು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ತರಬೇತಿಗೆ ಹೋಗಿ ಬೇಸಿಕ್ ಕಲಿತು ಬಂದರು, ಸ್ವಲ್ಪ ವರ್ಷ ಮಕ್ಕಳಿಗೂ ಹೇಳಿಕೊಟ್ಟರು. ಆಮೇಲೆ ಪಿಸಿಗಳು ಬಂದವು. ಇವು ಸ್ಟೋರ್ ರೂಮಿನ ಮೂಲೆ ಸೇರಿದವು. ಗುಜರಿಗೆ ಹೋಗಬೇಕಿದ್ದ ಒಂದನ್ನು ಮೇಷ್ಟ್ರು ಅನುಮತಿ ಪಡೆದು ಮನೆಗೆ ತಂದಿಟ್ಟುಕೊಂಡಿದ್ದರು.

ನನ್ನ ಪಾಲಿನ ಕೆಲಸ ಆ ಯಂತ್ರಕ್ಕೆ ಜೀವ ಕೊಡುವುದು. ಪವರ್ ಸಪ್ಲೈ ಒಳಗಿನ ಹಳೆಯ ಫಿಲ್ಟರ್ ಕೆಪಾಸಿಟರ್ ತೆಗೆದು ಹೊಸದು ಹಾಕಿದೆ. ಇಷ್ಟು ಹಳೆಯ ಬಿಬಿಸಿ ಮೈಕ್ರೋವನ್ನು ಇದು ಮಾಡದೆ ಪ್ಲಗ್ಗಿಗೆ ಹಾಕಬೇಡಿ, ಅವು ಒಡೆದು ಹೊಗೆ ಎಬ್ಬಿಸುತ್ತವೆ. ಸ್ವಿಚ್ ಒತ್ತಿದಾಗ ಎರಡು ಸ್ವರದ ಬೀಪ್ ಬಂತು, ಟಿವಿ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂದು ಬಂತು. ಡಿಸ್ಕ್ ಡ್ರೈವ್ ಇರಲಿಲ್ಲ. ಕ್ಯಾಸೆಟ್ ಕೇಬಲ್ಲನ್ನು ಫೋನಿನ ಹೆಡ್‌ಫೋನ್ ತೂತಿಗೆ ಜೋಡಿಸಿ ಪ್ರೋಗ್ರಾಂ ಲೋಡ್ ಮಾಡುವ ವ್ಯವಸ್ಥೆ ಮಾಡಿಕೊಂಡೆವು.

ಮೇಷ್ಟ್ರ ಆಸೆ ಸರಳವಾಗಿತ್ತು. ಶಾಲೆಯ ರಾಜ್ಯೋತ್ಸವದ ದಿನ ಈ ಯಂತ್ರವನ್ನು ಮೇಜಿನ ಮೇಲೆ ಇಡಬೇಕು, ಸಣ್ಣ ಮಕ್ಕಳು ಬಂದು ಕೀ ಒತ್ತಿ ಕಾಗುಣಿತ ಕಟ್ಟಬೇಕು. ಕ ಆರಿಸಿ ಗುಡಿಸು ಒತ್ತಿದರೆ ಕಿ, ಅದಕ್ಕೆ ದೀರ್ಘ ಒತ್ತಿದರೆ ಕೀ. ಈ ಯಂತ್ರ ನಮ್ಮ ಶಾಲೆಗೆ ಬಂದಾಗ ಅದಕ್ಕೆ ಒಂದು ಕನ್ನಡ ಅಕ್ಷರ ಗೊತ್ತಿರಲಿಲ್ಲ, ಈಗಲಾದರೂ ಕಲಿಯಲಿ ಎಂಬುದು ಅವರ ಮಾತು.

ತಕರಾರು

ಮೇಷ್ಟ್ರ ತಮ್ಮನ ಮಗಳು ರಜೆಗೆ ಊರಿಗೆ ಬಂದಿದ್ದಳು. ಕಾಲೇಜಿನಲ್ಲಿ ಸಿ, ಮೈಕ್ರೋಪ್ರೊಸೆಸರ್ ಎರಡೂ ಓದಿದವಳು, ಕೈ ಚುರುಕು. ಮೊದಲ ದಿನವೇ ಮಾತು ಶುರುವಾಯಿತು.

"ದೊಡ್ಡಪ್ಪ, ಬೇಸಿಕ್ ಬೇಡ. ಅಕ್ಷರ ಒಂದೊಂದೇ ಗೆರೆ ಮೂಡ್ತಾ ಕೂತಿರುತ್ತೆ. ಮಕ್ಕಳು ಎದ್ದು ಹೋಗ್ತಾರೆ."

"ನಿಧಾನ ಆದ್ರೆ ಆಗ್ಲಿ ಪುಟ್ಟಿ, ನನಗೆ ಗೊತ್ತಿರೋದು ಅದೊಂದೇ."

ಇಬ್ಬರ ಮಾತಲ್ಲೂ ಹುರುಳಿತ್ತು. ಹಾಗಾಗಿ ಒಂದೊಂದನ್ನೂ ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರದಂತೆಯೇ ನಡೆಯುವ ಸಾಫ್ಟ್‌ವೇರಿನಲ್ಲಿ, ಹಾಕಿ ನೋಡೋಣ ಎಂದೆ. ಸಿ ಬಹಳ ಹೊತ್ತು ನಿಲ್ಲಲಿಲ್ಲ. ಈ ಯಂತ್ರದ 6502 ಪ್ರೊಸೆಸರಿನಲ್ಲಿ ಕೆಲಸಕ್ಕೆ ಬರುವ ರಿಜಿಸ್ಟರ್ (ಲೆಕ್ಕ ಮಾಡುವಾಗ ಸಂಖ್ಯೆ ಹಿಡಿದಿಡುವ ಜಾಗ) ಮೂರೇ, ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿಡುವ ತಾತ್ಕಾಲಿಕ ಜಾಗ) 256 ಬೈಟ್. ಸಿ ಕಂಪೈಲರ್ ತನ್ನ ಸ್ಟ್ಯಾಕನ್ನು ಮೆಮೊರಿಯಲ್ಲಿ ಬೇರೆಯಾಗಿ ಕಟ್ಟಿಕೊಳ್ಳಬೇಕಾಗುತ್ತದೆ, ಅಲ್ಲಿಗೆ ಕೋಡ್ ಉಬ್ಬುತ್ತದೆ, ವೇಗವೂ ಹೋಗುತ್ತದೆ. ಮೇಲಾಗಿ ಮೇಷ್ಟ್ರ ಮೇಜಿನ ಮೇಲಿನ ಯಂತ್ರದಲ್ಲಿ ಕೂತು ಏನನ್ನೂ ತಿದ್ದಲಾಗದು, ಎಲ್ಲದಕ್ಕೂ ಲ್ಯಾಪ್‌ಟಾಪ್ ಬೇಕು.

ಫೋರ್ತ್ ಎಂಬ ಇನ್ನೊಂದು ಭಾಷೆ ಮೇಷ್ಟ್ರಿಗೆ ಬಹಳ ಹಿಡಿಸಿತು. ಮೊದಲು ಸಂಖ್ಯೆಗಳು, ಕೊನೆಗೆ ಕ್ರಿಯೆ: 'ಎರಡು ಮೂರು ಕೂಡು'. ನಾವು ಮಾತಾಡುವುದೂ ಹಾಗೇ ಅಲ್ವಾ, ಕ್ರಿಯಾಪದ ಕೊನೆಗೆ, ಅಂತ ಖುಷಿಪಟ್ಟರು. ಫೋರ್ತ್ ವೇಗವೂ ಹೌದು, ಚಿಕ್ಕದೂ ಹೌದು. ಆದರೆ ಇಲ್ಲಿ ಅದನ್ನು ಪ್ರತಿ ಸಲ ಟೇಪಿನಿಂದ ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮಿಗೆ ತುಂಬಿಕೊಳ್ಳಬೇಕು, ನಮಗಿರುವ ಜಾಗದಲ್ಲಿ ಅದಕ್ಕೂ ಪಾಲು ಕೊಡಬೇಕು. ಒಲ್ಲದ ಮನಸ್ಸಿನಿಂದ ಬಿಟ್ಟೆವು. ಉಳಿದದ್ದು ಎರಡು. ಯಂತ್ರದ ಕಾಯಂ ಮೆಮೊರಿಯಾದ ರೋಮ್‌ನಲ್ಲೇ ಕೂತಿರುವ, ಸ್ವಿಚ್ ಹಾಕಿದ ಕೂಡಲೇ ಸಿಗುವ ಬಿಬಿಸಿ ಬೇಸಿಕ್. ಮತ್ತೆ ನೇರ ಅಸೆಂಬ್ಲಿ.

ಭಾಷೆಗೂ ಮೊದಲು ಜಾಗ

ಇಲ್ಲಿ ಒಂದು ವಿಷಯ ನಿಲ್ಲಿಸಿ ಹೇಳಬೇಕು, ಯಾಕೆಂದರೆ ಭಾಷೆಯ ಜಗಳದಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ.

ನಮ್ಮದು ಬಿಬಿಸಿ ಮೈಕ್ರೋದ ಮಾಡೆಲ್ ಬಿ, ಅದರಲ್ಲಿ ಇರುವುದು 32,768 ಬೈಟ್ ರ‍್ಯಾಮ್. ಪರದೆಯ ಚಿತ್ರ ಕೂಡ ಅದರಲ್ಲೇ ಕೂರುತ್ತದೆ. ಹಾಗಾಗಿ ಯಾವ ಸ್ಕ್ರೀನ್ ಮೋಡ್ (ಪರದೆಯ ಚುಕ್ಕಿ, ಬಣ್ಣಗಳ ವ್ಯವಸ್ಥೆ) ಆರಿಸುತ್ತೀರಿ ಅನ್ನುವುದೇ ನಿಮಗೆಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ. ಮೋಡ್ 7 ಕೇವಲ 1,024 ಬೈಟ್ ತಿನ್ನುತ್ತದೆ, ಆದರೆ ಅದರ ಅಕ್ಷರಗಳು ಬೇರೊಂದು ಚಿಪ್ಪಿನೊಳಗೆ ಅಚ್ಚಾಗಿವೆ, ಅಲ್ಲಿ ಹೊಸ ಆಕಾರ ಮಾಡಲು ಬರುವುದಿಲ್ಲ. ಕನ್ನಡಕ್ಕೆ ಅದು ಆಗದು. ಮೋಡ್ 1ರಲ್ಲಿ ನಾಲ್ಕು ಬಣ್ಣ ಸಿಗುತ್ತದೆ, ಆದರೆ ಪರದೆಗೇ 20,480 ಬೈಟ್ ಹೋಗಿ ಕೊನೆಗೆ 8,704 ಬೈಟ್ ಉಳಿಯುತ್ತದೆ. ಮೋಡ್ 6 ಮಿತವಾದದ್ದು ಅನಿಸುತ್ತದೆ, ಆದರೆ ಅದರಲ್ಲಿ ಒಂದು ಅಕ್ಷರದ ಸಾಲಿಗೂ ಕೆಳಗಿನದಕ್ಕೂ ನಡುವೆ ಖಾಲಿ ಗೆರೆ ಬಿಟ್ಟಿರುತ್ತಾರೆ. ಇಂಗ್ಲಿಷಿಗೆ ತೊಂದರೆ ಇಲ್ಲ. ಕನ್ನಡದ ಒಂದು ಅಕ್ಷರವನ್ನು ಎರಡು ಮೂರು ಸಾಲು ಸೇರಿಸಿ ಬಿಡಿಸಿದರೆ ಅಕ್ಷರ ಮಧ್ಯದಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

ಹೀಗೆ ಮೋಡ್ 4ಕ್ಕೆ ಬಂದೆವು. ಅಡ್ಡಕ್ಕೆ 320, ಉದ್ದಕ್ಕೆ 256 ಚುಕ್ಕಿ, ಎರಡು ಬಣ್ಣ. ಪರದೆಗೆ 10,240, ಸಿಸ್ಟಮ್ ಇಟ್ಟುಕೊಳ್ಳುವ 3,584 ಕಳೆದರೆ ನಮಗೆ 18,944 ಬೈಟ್.

ಇಂಗ್ಲಿಷ್ ಅಕ್ಷರಕ್ಕೆ ಈ ಯಂತ್ರ ಕೊಡುವುದು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಒಂದು ಮನೆ. ಅಷ್ಟರಲ್ಲಿ ಣ ಬರೆಯಲು ನೋಡಿ, ಆಗುವುದಿಲ್ಲ. ಮೇಷ್ಟ್ರು ಗ್ರಾಫ್ ಹಾಳೆಯ ಮೇಲೆ ಪ್ರಯತ್ನ ಮಾಡಿ ಮಾಡಿ 16 ಅಗಲ, 24 ಎತ್ತರಕ್ಕೆ ಒಪ್ಪಿದರು. ಎಂಟು ಚುಕ್ಕಿಗೆ ಒಂದು ಬೈಟ್, ಅಂದರೆ ಅಕ್ಷರಕ್ಕೆ 48 ಬೈಟ್. ಅವಳ ಮೊದಲ ಯೋಜನೆ ಇಡೀ ಕಾಗುಣಿತವನ್ನು ಲ್ಯಾಪ್‌ಟಾಪಿನ ಫಾಂಟಿನಿಂದ ಚಿತ್ರ ಮಾಡಿ ತುಂಬಿಬಿಡುವುದು. 34 ವ್ಯಂಜನ, ಒಂದೊಂದಕ್ಕೆ 15 ರೂಪ, ಒಟ್ಟು 510. ಅದನ್ನು 48ರಿಂದ ಗುಣಿಸಿದರೆ 24,480. ಇರುವುದೇ 18,944. ಯಾವ ಭಾಷೆಯಲ್ಲಿ ಬರೆದರೂ ಇದು ಹಿಡಿಸುವುದಿಲ್ಲ. ಈ ಲೆಕ್ಕ ಹಾಳೆಯ ಮೇಲೆ ಬಂದ ಮೇಲೆ ಜಗಳದ ಕಾವು ಇಳಿಯಿತು.

ದಾರಿ ತೋರಿಸಿದ್ದು ಮೇಷ್ಟ್ರು. ನಾವು ಮಕ್ಕಳಿಗೆ 510 ಅಕ್ಷರ ಬಾಯಿಪಾಠ ಮಾಡಿಸುವುದಿಲ್ಲವಲ್ಲ, ಅಂದರು. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು ಅಂತ ಹೇಳಿಕೊಡುತ್ತೇವೆ. ಯಂತ್ರಕ್ಕೂ ಹಾಗೇ ಹೇಳಿಕೊಡೋಣ. ತಲೆ ಇಲ್ಲದ ವ್ಯಂಜನದ ಒಡಲು ಒಂದು ಚಿತ್ರ, ತಲೆಕಟ್ಟು ಒಂದು ಚಿತ್ರ, ಗುಡಿಸು ಒಂದು, ಕೊಂಬು ಒಂದು. ಒಂದರ ಮೇಲೊಂದು ಹಾಕಿದರೆ ಅಕ್ಷರ. ಬಲಗಡೆಗೆ ಚಾಚುವ ದೀರ್ಘ, ಸೊನ್ನೆಗಳಿಗೆ ಪಕ್ಕದಲ್ಲಿ ಬೇರೆ ಜಾಗ. ಸ್ವರಗಳು, ಚಿಹ್ನೆಗಳು, ಕೆಲವು ವಿಶೇಷ ಒಡಲು ಎಲ್ಲ ಸೇರಿ 70 ಚಿತ್ರ ಸಾಕು. 70 ಗುಣಿಸು 48, ಅಂದರೆ 3,360 ಬೈಟ್. 24 ಸಾವಿರದಿಂದ 3 ಸಾವಿರಕ್ಕೆ ಇಳಿಯಿತು, ಅದೂ ಒಂದು ಸಾಲು ಕೋಡ್ ಬರೆಯುವ ಮೊದಲೇ.

ಮೊದಲ ಬೇಸಿಕ್ ಪ್ರಯತ್ನ

ಮೇಷ್ಟ್ರು ತಾವು ಕಲಿತ ಕ್ರಮದಲ್ಲೇ ಬರೆದರು. ಚಿತ್ರದ ಅಂಕಿಗಳನ್ನೆಲ್ಲ ಡೇಟಾ ಸಾಲುಗಳಲ್ಲಿ ಬರೆದು, ಒಂದು ಅರೇ (ಸಂಖ್ಯೆಗಳ ಪಟ್ಟಿ) ಮಾಡಿ, ರೀಡ್ ಆದೇಶ ಹಾಕಿ ತುಂಬುವುದು. ಓಡಿಸಿದರೆ ಪರದೆ ಮೇಲೆ 'ಡಿಮ್ ಸ್ಪೇಸ್' ಎಂಬ ಎರರ್. ಜಾಗ ಇಲ್ಲ.

"ನೋಡಿದ್ರಾ ದೊಡ್ಡಪ್ಪ, ಇದು ಬೇಸಿಕ್ಕಿಂದ ಆಗೋ ಕೆಲಸ ಅಲ್ಲ."

ಆ ಹೊತ್ತಿಗೆ ಅದು ನಿಜವೆಂದೇ ಇಬ್ಬರಿಗೂ ಅನಿಸಿತು. ಅಸೆಂಬ್ಲಿ ಅಂತ ನಿರ್ಧಾರವಾಯಿತು. ಇಂಥ ನಿರ್ಧಾರ ಎಷ್ಟು ಜನ ಹೀಗೇ ತಗೊಳ್ಳುತ್ತಾರೆ ಅನ್ನುವುದನ್ನು ನೋಡಿದ್ದೇನೆ. ಒಂದು ಎರರ್ ಬಂದ ಕೂಡಲೇ ಭಾಷೆಯನ್ನೇ ಬದಲಿಸುವುದು. ಎರರ್ ಯಾಕೆ ಬಂತು ಅನ್ನುವ ಲೆಕ್ಕ ಆಗ ಯಾರೂ ಹಾಕಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಅಸೆಂಬ್ಲಿ ಓಡಿತು, ಆದರೆ

ಅವಳು ಬರೆದದ್ದು ಚೆನ್ನಾಗಿತ್ತು. ಇದನ್ನು ಮನಸಾರೆ ಹೇಳುತ್ತೇನೆ. ಮೋಡ್ 4ರ ಪರದೆಯಲ್ಲಿ ಒಂದು ಮನೆಯ 8 ಬೈಟ್ ಒಟ್ಟಿಗಿರುತ್ತವೆ, ಪಕ್ಕದ ಮನೆಯವು ಅದರ ಹಿಂದೆಯೇ. ಹಾಗಾಗಿ 16 ಚುಕ್ಕಿ ಅಗಲದ ಅಕ್ಷರದ ಒಂದು ಸಾಲು ಅಂದರೆ ಸತತ 16 ಬೈಟ್. ಕೆಳಗಿನ ಸಾಲಿಗೆ ಹೋಗಲು 320 ಕೂಡಿದರೆ ಆಯಿತು. ಇದನ್ನು ಹಿಡಿದು ಅವಳು ಬರೆದ ಲೂಪ್ (ಮತ್ತೆ ಮತ್ತೆ ಓಡುವ ತುಣುಕು) ನೋಡಲು ಚೆಂದ. ಕೀ ಒತ್ತಿದ ತಕ್ಷಣ ಅಕ್ಷರ ಬಂದು ಕೂರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಅಸೆಂಬಲ್ ಮಾಡಿ, ಟೇಪಿನ ಸದ್ದಾಗಿ ಬದಲಿಸಿ, ಫೋನಿಗೆ ಹಾಕಿಕೊಟ್ಟು ಅವಳು ಹಾಸ್ಟೆಲ್ಲಿಗೆ ವಾಪಸ್ ಹೋದಳು.

ಆಮೇಲೆ ಮೇಷ್ಟ್ರು ಪ್ರತಿಯೊಂದು ಅಕ್ಷರ ಹಾಕಿ ನೋಡುತ್ತಾ ಕೂತರು. ವ ಸಾಲಿಗೆ ಬಂದಾಗ ಸಿಕ್ಕಿಹಾಕಿಕೊಂಡಿತು. ವ ಆರಿಸಿ ಕೊಂಬು ಒತ್ತಿದರೆ ಮ ಬರುತ್ತಿತ್ತು!

ಕನ್ನಡ ಬರೆಯುವವರಿಗೆ ಇದು ಯಾಕೆಂದು ಹೊಳೆಯುತ್ತದೆ. ಕ-ಗೆ ಕೊಂಬು ಬಲಗಡೆ ಸೇರುತ್ತದೆ. ಅದೇ ಕೊಂಬನ್ನು ವ-ಗೆ ಅದೇ ಜಾಗದಲ್ಲಿ ಹಾಕಿದರೆ ಅದು ಮ ಆಗಿಬಿಡುತ್ತದೆ. ಅದಕ್ಕೇ ಪು, ಫು, ವು ಬರೆಯುವಾಗ ಕೊಂಬನ್ನು ಕೆಳಗಿಳಿಸಿ ಬೇರೆ ರೀತಿ ಸೇರಿಸುತ್ತೇವೆ. ಮೇಷ್ಟ್ರಿಗೆ ಇದು ಕೈಗೆ ಬಂದ ವಿಷಯ, ಯೋಚಿಸುವುದೇ ಬೇಡ. ಅವಳಿಗೂ ಗೊತ್ತು, ಆದರೆ ಕೋಡ್ ಬರೆಯುವಾಗ ನೆನಪಿಗೆ ಬಂದಿರಲಿಲ್ಲ. ಫೋನ್ ಮಾಡಿದರು. ಅವಳು ತಿದ್ದಿ ಮೆಸೇಜಿಂಗ್ ಆಪಿನಲ್ಲಿ ಸದ್ದಿನ ಫೈಲ್ ಕಳಿಸಿದಳು. ಅದು ದಾರಿಯಲ್ಲಿ ಕುಗ್ಗಿಸಿಕೊಂಡು ಬಂದಿದ್ದರಿಂದ ಯಂತ್ರ ಓದಲಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ ಮೇಲೆ ಲೋಡ್ ಆಯಿತು. ವು ಸರಿಯಾಯಿತು. ಮಾರನೇ ದಿನ ಮಿ, ಯಿ ತಪ್ಪಿದ್ದು ಕಂಡಿತು. ಇವುಗಳಲ್ಲಿ ಗುಡಿಸು ಕೂರಬೇಕಾದ್ದು ಅಕ್ಷರದ ಎಡ ಭಾಗದ ಮೇಲೆ, ನಮ್ಮ ಪ್ರೋಗ್ರಾಂ ಬಲಕ್ಕೆ ಹಾಕುತ್ತಿತ್ತು. ಇನ್ನೊಂದು ದಿನ ಖ, ಜ, ಟ, ಣ, ಬ, ಲ. ಇವಕ್ಕೆ ತಲೆಕಟ್ಟೇ ಇಲ್ಲ, ಯಂತ್ರ ಎಲ್ಲದರ ತಲೆಗೂ ಕಟ್ಟುತ್ತಿತ್ತು.

ಅವಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ರಾತ್ರಿ ಮೇಷ್ಟ್ರು ಫೋನಿನಲ್ಲಿ ಹೇಳಿದ ಮಾತೇ ಈ ಪ್ರಕರಣದ ತಿರುವು:

"ಪುಟ್ಟಿ, ನೀನು ಮಾಡಿದ್ದು ತುಂಬಾ ಚೆನ್ನಾಗಿದೆ. ಆದ್ರೆ ತಪ್ಪು ಹಿಡಿಯೋನು ನಾನು, ತಿದ್ದೋಳು ನೀನು. ಕನ್ನಡ ಗೊತ್ತಿರೋ ಕೈಗೆ ಪ್ರೋಗ್ರಾಂ ಸಿಗ್ತಾ ಇಲ್ಲ. ಇದು ಹೀಗೇ ಆದ್ರೆ ರಾಜ್ಯೋತ್ಸವಕ್ಕೆ ಮುಗಿಯಲ್ಲ."

ಅವಳು ವಾದ ಮಾಡಲಿಲ್ಲ. ಹಾಗಾದರೆ ಬೇಸಿಕ್ಕಿಗೆ ವಾಪಸ್ ಹೋಗೋಣ ದೊಡ್ಡಪ್ಪ, ಆದರೆ ಆ ಡಿಮ್ ಸ್ಪೇಸ್ ಯಾಕೆ ಬಂತು ಅಂತ ಮೊದಲು ನೋಡೋಣ, ಅಂದಳು. ತಾನು ರಾತ್ರಿ ಹಗಲು ಕೂತು ಬರೆದದ್ದನ್ನು ಪಕ್ಕಕ್ಕಿಡಲು ಒಪ್ಪಿದ್ದು ಸಣ್ಣ ವಿಷಯವಲ್ಲ. ನನಗೆ ಅವಳ ಬಗ್ಗೆ ಗೌರವ ಹೆಚ್ಚಾದದ್ದು ಅಲ್ಲಿ.

ಒಂದು ಆವರಣ ಚಿಹ್ನೆಯ ಬೆಲೆ

ಈಗ ಲೆಕ್ಕ ಹಾಕಿದೆವು. ಬಿಬಿಸಿ ಬೇಸಿಕ್ಕಿನಲ್ಲಿ ಸಾಧಾರಣ ಅರೇಯ ಒಂದೊಂದು ಸಂಖ್ಯೆಗೆ 5 ಬೈಟ್ ಬೇಕು, ಯಾಕೆಂದರೆ ಅದು ದಶಾಂಶ ಸಂಖ್ಯೆ ಹಿಡಿಯಲು ತಯಾರಾಗಿ ಕೂತಿರುತ್ತದೆ. ನಮ್ಮ 3,360 ಅಂಕಿಗೆ 16,800 ಬೈಟ್. ಇದ್ದದ್ದು 18,944. ಇದರ ಮೇಲೆ ಡೇಟಾ ಸಾಲುಗಳು. ಅಲ್ಲಿ 255 ಎಂಬ ಒಂದು ಬೈಟನ್ನು ಬರೆಯಲು ಮೂರು ಅಂಕಿ, ಒಂದು ಅಲ್ಪವಿರಾಮ, ಅಂದರೆ ನಾಲ್ಕು ಬೈಟ್. ಒಂದೇ ಚಿತ್ರ ಎರಡು ಕಡೆ, ಎರಡೂ ಕಡೆ ಊದಿಕೊಂಡು ಕೂತಿತ್ತು. ಜಾಗ ಹೇಗೆ ಸಾಲುತ್ತದೆ?

ಬಿಬಿಸಿ ಬೇಸಿಕ್ಕಿನಲ್ಲೇ ಇದಕ್ಕೆ ಉತ್ತರ ಇದೆ. ಅರೇಗೆ ಜಾಗ ಹಿಡಿಯುವ ಡಿಮ್ ಆದೇಶದಲ್ಲಿ ಆವರಣ ಚಿಹ್ನೆ ಹಾಕದೆ, ಹೆಸರಿನ ಮುಂದೆ ಜಾಗ ಬಿಟ್ಟು ಸಂಖ್ಯೆ ಬರೆದರೆ ಅದು ಅರೇ ಮಾಡುವುದಿಲ್ಲ, ಅಷ್ಟು ಬೈಟುಗಳ ಖಾಲಿ ಜಾಗ ಕಾಯ್ದಿರಿಸಿಕೊಡುತ್ತದೆ. ಪ್ರಶ್ನೆ ಚಿಹ್ನೆ ಬಳಸಿ ಒಂದೊಂದೇ ಬೈಟನ್ನು ಓದಬಹುದು, ಬರೆಯಬಹುದು. 16,800 ಇದ್ದದ್ದು 3,360 ಆಯಿತು. ಚಿತ್ರಗಳನ್ನು ಡೇಟಾ ಸಾಲಿನಿಂದ ತೆಗೆದು ಟೇಪಿನಲ್ಲಿ ಬೇರೆ ಫೈಲ್ ಮಾಡಿದೆವು, ಅದು ನೇರವಾಗಿ ಆ ಜಾಗಕ್ಕೆ ಬಂದು ಕೂರುತ್ತದೆ. ಅಲ್ಲಿಗೆ ಪ್ರೋಗ್ರಾಮಿಗೆ 15 ಸಾವಿರದಷ್ಟು ಬೈಟ್ ಬಿಡುವು ಸಿಕ್ಕಿತು. ಜಾಗ ಇಲ್ಲ ಅಂದದ್ದು ಬೇಸಿಕ್ ಅಲ್ಲ, ಡೇಟಾ ಇಟ್ಟ ರೀತಿ.

ಮೇಷ್ಟ್ರು ಹೊಸದಾಗಿ ಬರೆದ ಪ್ರೋಗ್ರಾಂ ಓದಿ ನನಗೆ ಬಹಳ ಸಂತೋಷವಾಯಿತು. ಸೋಫಿ ವಿಲ್ಸನ್ ಬರೆದ ಈ ಬೇಸಿಕ್ಕಿನ ದೊಡ್ಡ ಗುಣ ಹೆಸರಿಟ್ಟ ಪ್ರೊಸೀಜರುಗಳು, ಅಂದರೆ ಹೆಸರು ಹೇಳಿ ಕರೆಯಬಹುದಾದ ಪ್ರೋಗ್ರಾಂ ತುಣುಕುಗಳು. ಆ ಕಾಲದ ಎಷ್ಟೋ ಹೋಮ್ ಕಂಪ್ಯೂಟರುಗಳಲ್ಲಿ ಸಬ್‌ರುಟೀನ್ ಕರೆಯಬೇಕಾದರೆ ಸಾಲಿನ ಸಂಖ್ಯೆ ನೆನಪಿಟ್ಟುಕೊಳ್ಳಬೇಕಿತ್ತು. ಕಮೊಡೋರ್ 64ರ ಬೇಸಿಕ್ ಅಂತೂ ವೇರಿಯಬಲ್ ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಗುರುತಿಸುತ್ತಿತ್ತು. ಇಲ್ಲಿ ಹೆಸರು ಎಷ್ಟು ಉದ್ದ ಬೇಕಾದರೂ ಇರಬಹುದು. ಮೇಷ್ಟ್ರು ಪ್ರೊಸೀಜರುಗಳಿಗೆ ತಲೆಕಟ್ಟು, ಇಳಿ, ಗುಡಿಸು, ದೀರ್ಘ, ಕೊಂಬು, ವಟ್ರಸುಳಿ, ಏತ್ವ, ಓತ್ವ ಅಂತಲೇ ಹೆಸರಿಟ್ಟರು. ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳಲ್ಲಿ, ಆದರೆ ಲಿಸ್ಟ್ ಮಾಡಿ ಗಟ್ಟಿಯಾಗಿ ಓದಿದರೆ ಒಂದನೇ ತರಗತಿಯ ಕಾಗುಣಿತದ ಪಾಠ ಕೇಳಿದ ಹಾಗೆ. ಕೊಂಬಿನ ಪ್ರೊಸೀಜರಿನ ಒಳಗೆ, ಪ ಅಥವಾ ಫ ಅಥವಾ ವ ಆದರೆ ಕೆಳಗಿನ ಕೊಂಬು, ಇಲ್ಲದಿದ್ದರೆ ಬಲಗಡೆಯದು ಎಂದು ಒಂದು ಸಾಲು. ತಲೆಕಟ್ಟಿನ ಒಳಗೆ, ಖ ಜ ಟ ಣ ಬ ಲ ಬಂದರೆ ಏನೂ ಮಾಡದೆ ವಾಪಸ್ ಹೋಗು ಎಂದು ಇನ್ನೊಂದು. ಯಾವ ತಪ್ಪು ಕಂಡರೂ ಎಲ್ಲಿ ಹೋಗಬೇಕೆಂದು ಹೆಸರೇ ಹೇಳುತ್ತಿತ್ತು.

ನಿಧಾನ ಇದ್ದದ್ದು ಎಲ್ಲಿ

ಆದರೆ ಅವಳು ಮೊದಲ ದಿನ ಹೇಳಿದ್ದೂ ನಿಜವೇ ಆಯಿತು. ಅಕ್ಷರ ಮೇಲಿನಿಂದ ಕೆಳಗೆ ಮೂಡುವುದು ಕಣ್ಣಿಗೆ ಕಾಣುತ್ತಿತ್ತು. ಒಂದು ಅಕ್ಷರಕ್ಕೆ ಸಹಿಸಬಹುದು. ಇಡೀ ಕಾಗುಣಿತದ ಸಾಲು ಬಿಡಿಸುವಾಗ ಕಾಯಬೇಕಾಗುತ್ತಿತ್ತು.

ಈ ಸಲ ಊಹೆ ಮಾಡಲಿಲ್ಲ, ಅಳೆದರು. ಬಿಬಿಸಿ ಬೇಸಿಕ್ಕಿನಲ್ಲಿ ಟೈಮ್ ಎಂಬ ವೇರಿಯಬಲ್ ಇದೆ, ಸೆಕೆಂಡಿನ ನೂರನೇ ಒಂದು ಭಾಗಕ್ಕೊಮ್ಮೆ ಒಂದು ಹೆಚ್ಚುತ್ತದೆ. ಪ್ರೊಸೀಜರಿನ ಮೊದಲು ಸೊನ್ನೆ ಮಾಡಿ, ಮುಗಿದ ಮೇಲೆ ಪ್ರಿಂಟ್ ಮಾಡಿದರೆ ಸಾಕು. ಅಕ್ಷರ ಆರಿಸುವುದು, ನಿಯಮ ನೋಡುವುದು, ಕೀ ಓದುವುದು, ಇವುಗಳಿಗೆ ಹೊತ್ತೇ ಹೋಗುತ್ತಿರಲಿಲ್ಲ. ಹೊತ್ತೆಲ್ಲ ಹೋಗುತ್ತಿದ್ದದ್ದು ಒಂದೇ ಕಡೆ: 48 ಬೈಟುಗಳನ್ನು ಒಂದೊಂದಾಗಿ ಪರದೆಯ ಮೇಲೆ ಇದ್ದದ್ದರ ಜೊತೆ ಸೇರಿಸಿ ಬರೆಯುವ ಲೂಪ್.

ಮೊದಲು ಮೇಷ್ಟ್ರು ಆ ಲೂಪಿನ ವೇರಿಯಬಲ್ಲುಗಳಿಗೆ ಶೇಕಡಾ ಚಿಹ್ನೆ ಸೇರಿಸಿ ಪೂರ್ಣಾಂಕ ಮಾಡಿದರು. ಅಷ್ಟಕ್ಕೇ ಗೊತ್ತಾಗುವಷ್ಟು ಚುರುಕಾಯಿತು. ಆಮೇಲೆ ಅವಳು ತನ್ನ ಅಸೆಂಬ್ಲಿ ಪ್ರೋಗ್ರಾಮಿನಿಂದ ಆ ಒಂದು ಲೂಪನ್ನು ಮಾತ್ರ ತೆಗೆದು ಬೇಸಿಕ್ಕಿನ ಒಳಗೇ ಕೂರಿಸಿದಳು. ಹೌದು, ಬೇಸಿಕ್ಕಿನ ಒಳಗೇ. ಈ ಯಂತ್ರದಲ್ಲಿ ಅಸೆಂಬ್ಲರ್ ಬೇಸಿಕ್ಕಿನ ಭಾಗವಾಗೇ ಬರುತ್ತದೆ. ಚೌಕ ಆವರಣ ತೆರೆದು 6502 ಆದೇಶಗಳನ್ನು ಬರೆದು ಮುಚ್ಚಿದರೆ ಆಯಿತು, ಪ್ರೋಗ್ರಾಂ ಓಡುವಾಗಲೇ ಅದು ಮೆಷಿನ್ ಕೋಡ್ ಆಗುತ್ತದೆ. ವಿಳಾಸಗಳನ್ನು ಇಡಲು ಮೆಮೊರಿಯ ಮೊದಲ ಭಾಗವಾದ ಜೀರೋ ಪೇಜಿನಲ್ಲಿ 112ರಿಂದ 143ರವರೆಗೆ ಬಳಕೆದಾರರಿಗೆಂದೇ ಬಿಟ್ಟಿರುವ ಜಾಗ ಇದೆ. ಅವಳ ತುಣುಕು ಒಂದು ಪರದೆಯಷ್ಟೂ ಉದ್ದ ಇರಲಿಲ್ಲ. ಅದನ್ನು ಒಂದು ಪ್ರೊಸೀಜರಿನಲ್ಲಿ ಹಾಕಿ ಮೇಲೆ ರೆಮ್ ಎಂಬ ಟಿಪ್ಪಣಿ ಸಾಲಿನಲ್ಲಿ ಬರೆದಳು: ಇದರೊಳಗೆ ಕನ್ನಡದ ನಿಯಮ ಯಾವುದೂ ಇಲ್ಲ, ಮುಟ್ಟುವ ಅಗತ್ಯವಿಲ್ಲ.

ಆ ಗಡಿ ಎಳೆದದ್ದು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಅತ್ಯಂತ ಒಳ್ಳೆಯ ನಿರ್ಧಾರ. ಅಕ್ಷರದ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಅವು ಮೇಷ್ಟ್ರ ಕೈಯಲ್ಲಿ. ಬೈಟ್ ಸಾಗಿಸುವ ಲೂಪ್ ಒಮ್ಮೆ ಸರಿಯಾದರೆ ಬದಲಾಗುವುದಿಲ್ಲ, ಅದು ಅವಳದ್ದು.

ಮೇಜಿನ ಮೇಲೆ

ರಾಜ್ಯೋತ್ಸವದ ದಿನ ಯಂತ್ರ ಓಡಿತು. ಬಿಬಿಸಿ ಮೈಕ್ರೋದಲ್ಲಿ ಮೇಲ್ಗಡೆ ಕೆಂಪು ಬಣ್ಣದ 10 ಫಂಕ್ಷನ್ ಕೀಗಳಿವೆ. ಅವುಗಳ ಮೇಲಿರುವ ಪಾರದರ್ಶಕ ಪಟ್ಟಿಯ ಅಡಿಯಲ್ಲಿ ಕಾಗದದ ಚೀಟಿ ಇಡಬಹುದು. ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ, ದೀರ್ಘ, ಸೊನ್ನೆ: ಸರಿಯಾಗಿ ಹತ್ತು. ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದು ಸಿಕ್ಕಿಸಿದ್ದರು. ವಿಸರ್ಗಕ್ಕೆ ಕೋಲನ್ ಕೀ, ನೋಡಲೂ ಹಾಗೇ ಇದೆಯಲ್ಲ. ಮಕ್ಕಳಿಗೆ ಹೇಳಿಕೊಡುವ ಕೆಲಸವೇ ಬೀಳಲಿಲ್ಲ. ಒಬ್ಬ ಹುಡುಗ ತನ್ನ ಹೆಸರಿನ ಅಕ್ಷರಗಳನ್ನು ಕಟ್ಟಲು ಹೋಗಿ, ಒತ್ತಕ್ಷರ ಎಲ್ಲಿದೆ ಸಾರ್ ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮೇಡಂ ಬಂದು ಯೊ, ಯೋ ಸರಿ ಕಾಣುತ್ತಿಲ್ಲ ಅಂದರು. ಮೇಷ್ಟ್ರು ಎಸ್ಕೇಪ್ ಒತ್ತಿ, ಓತ್ವದ ಪ್ರೊಸೀಜರ್ ಲಿಸ್ಟ್ ಮಾಡಿ, ಅಲ್ಲೇ ನಿಂತು ಒಂದು ಸಾಲು ಸೇರಿಸಿ ಮತ್ತೆ ರನ್ ಕೊಟ್ಟರು. ಲ್ಯಾಪ್‌ಟಾಪ್ ಬೇಕಾಗಲಿಲ್ಲ, ಹಾಸ್ಟೆಲ್ಲಿಗೆ ಫೋನೂ ಬೇಕಾಗಲಿಲ್ಲ.

ಇದನ್ನು ನೋಡಿದ ಮೇಲೆ, ಯಾವ ಭಾಷೆ ಎಂದು ಕೇಳುವವರಿಗೆ ನಾನು ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ. ತಪ್ಪು ಎಲ್ಲಿ ಬರುತ್ತದೆ, ಅದನ್ನು ಕಂಡುಹಿಡಿಯುವವರು ಯಾರು? ಆಟ ಬರೆಯುತ್ತಿದ್ದೀರಿ, ಪರದೆ ತುಂಬ ಗೊಂಬೆಗಳು ಓಡಬೇಕು ಅಂದರೆ ತಪ್ಪು ಬರುವುದು ಸಮಯದ ಲೆಕ್ಕದಲ್ಲಿ, ಕಂಡುಹಿಡಿಯುವವರೂ ನೀವೇ. ಆಗ ಪೂರ್ತಿ ಅಸೆಂಬ್ಲಿ ಸರಿಯಾದ ದಾರಿ, ಅದನ್ನು ಬೇಡ ಅನ್ನುವುದಿಲ್ಲ. ಇಲ್ಲಿ ತಪ್ಪುಗಳೆಲ್ಲ ಬರವಣಿಗೆಯ ನಿಯಮದಲ್ಲಿದ್ದವು, ಹಿಡಿಯಬಲ್ಲವರು ಮೇಷ್ಟ್ರು. ಆ ಮೇಲೆ ಜಾಗದ ಲೆಕ್ಕ, ಅದು ಹಾಳೆ ಪೆನ್ಸಿಲ್ ಕೆಲಸ. ವೇಗದ ಮಾತು ಅಳೆದ ನಂತರ. ಇನ್ನೊಂದು ಮಾತು ಯಂತ್ರದ ಬಗ್ಗೆ. ಬಿಬಿಸಿ ಮೈಕ್ರೋದಲ್ಲಿ ಅಸೆಂಬ್ಲರ್ ಬೇಸಿಕ್ಕಿನೊಳಗೇ ಇದ್ದದ್ದರಿಂದ ಎರಡರ ನಡುವಿನ ಗೋಡೆ ತೆಳ್ಳಗಿತ್ತು. ಝಡ್‌ಎಕ್ಸ್ ಸ್ಪೆಕ್ಟ್ರಮ್ ಆಗಿದ್ದರೆ ಅಸೆಂಬ್ಲರನ್ನು ಬೇರೆಯಾಗಿ ಲೋಡ್ ಮಾಡಿಕೊಳ್ಳಬೇಕು, ಹೆಸರಿಟ್ಟ ಪ್ರೊಸೀಜರೂ ಅದರ ಬೇಸಿಕ್ಕಿನಲ್ಲಿ ಇಲ್ಲ. ಅಲ್ಲಿ ನಮ್ಮ ಆಯ್ಕೆ ಬಹುಶಃ ಫೋರ್ತ್ ಕಡೆಗೆ ವಾಲುತ್ತಿತ್ತು. ಅದರಲ್ಲೂ ಗುಡಿಸು, ಕೊಂಬು ಅಂತ ನಮ್ಮದೇ ಪದಗಳನ್ನು ಮಾಡಿಕೊಳ್ಳಬಹುದು.

ಆ ಹುಡುಗ ಕೇಳಿದ ಒತ್ತಕ್ಷರ ಈಗ ಮುಂದಿನ ಕೆಲಸ. ಸದ್ಯಕ್ಕೆ ಈ ಯಂತ್ರಕ್ಕೆ ಅಮ್ಮ, ಅಪ್ಪ, ಅಕ್ಕ ಯಾವುದನ್ನೂ ಬರೆಯಲು ಬರುವುದಿಲ್ಲ, ಮೇಷ್ಟ್ರಿಗೆ ಅದು ಬಹಳ ಕೊರೆಯುತ್ತಿದೆ. ಒತ್ತು ಅಕ್ಷರದ ಕೆಳಗೆ ಬರುವುದರಿಂದ ಇನ್ನೆರಡು ಸಾಲು ಮನೆ ಬೇಕು. ಒಂದೊಂದಕ್ಕೆ 32 ಬೈಟ್, 34 ಒತ್ತಿಗೆ 1,088 ಬೈಟ್. ಜಾಗ ಧಾರಾಳವಾಗಿದೆ. ಅವಳು ಬಣ್ಣಕ್ಕಾಗಿ ಮೋಡ್ 5ಕ್ಕೆ ಹೋಗೋಣ, ಅದಕ್ಕೂ 10,240 ಬೈಟೇ ಅಲ್ವಾ ಅನ್ನುತ್ತಿದ್ದಾಳೆ. ಅದರಲ್ಲಿ ಅಡ್ಡಕ್ಕೆ 160 ಚುಕ್ಕಿ ಮಾತ್ರ ಸಿಗುವುದರಿಂದ ಒತ್ತುಗಳು ಕಲಸಿಹೋಗುತ್ತವೆ ಎಂದು ಮೇಷ್ಟ್ರು ಒಪ್ಪಿಲ್ಲ. ಗ್ರಾಫ್ ಹಾಳೆಯಲ್ಲಿ ಕ ಒತ್ತಿನಿಂದ ಶುರುಮಾಡಿದ್ದಾರೆ. ಅರ್ಕಾವೊತ್ತನ್ನು ಕೊನೆಗೆ ಇಟ್ಟುಕೊಂಡಿದ್ದಾರೆ. ಅದು ಮೊದಲು ಉಚ್ಚರಿಸಿ ಆಮೇಲೆ ಬರೆಯುವ ಚಿಹ್ನೆ, ಅದಕ್ಕಾಗಿ ಪ್ರೊಸೀಜರುಗಳನ್ನು ಕರೆಯುವ ಕ್ರಮವನ್ನೇ ಬದಲಿಸಬೇಕಾ ಅನ್ನುವುದು ಇಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.